ಹಳೇ ಬೋಟಿನ ವೈರಿಂಗ್: ವೋಲ್ಟೇಜ್ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ?

ಕೋಲಾರದವರು ಬೋಟಿನ ವೈರಿಂಗ್ ಬಗ್ಗೆ ಬರೆದರೆ ಕರಾವಳಿಯವರು ನಗಬಹುದು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಆದರೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ, ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಎಷ್ಟೋ ಕೆರೆಗಳು ತುಂಬಿಕೊಂಡವು. ನೀರು ಬಂದ ಕಡೆ ಬೋಟೂ ಬರುತ್ತದೆ, ಅಲ್ವಾ? ಬರುವುದು ಹೊಸದಲ್ಲ. ಮಂಗಳೂರು ಕಡೆಯೋ ಚೆನ್ನೈ ಕಡೆಯೋ ಯಾರೋ ಹದಿನೈದು ಇಪ್ಪತ್ತು ವರ್ಷ ಓಡಿಸಿ ಬಿಟ್ಟ ಫೈಬರ್ ಬೋಟು, ಹಿಂದೆ ನೇತುಹಾಕಿದ ಒಂದು ಔಟ್‌ಬೋರ್ಡ್ ಎಂಜಿನ್. ಲಾರಿ ಮೇಲೆ ಬರುತ್ತದೆ, ಒಂದೆರಡು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ದಿನ ಲೈಟು ಮಂಕು, ಪಂಪ್ ಮೌನ, ಸೆಲ್ಫ್ ಹೊಡೆದರೆ ಬರೀ ಟಕ್ ಟಕ್.

ಆಗ ಕರೆಸುವುದು ಯಾರನ್ನು? ಬೋಟ್ ಎಲೆಕ್ಟ್ರಿಷಿಯನ್ ಅಂತ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಟೊಮೆಟೊ ಲಾರಿ, ಬೊಲೆರೊ ಪಿಕಪ್, ಟ್ರ್ಯಾಕ್ಟರ್ ನೋಡುವ ಆಟೋ ಎಲೆಕ್ಟ್ರಿಷಿಯನ್ನೇ ಬರಬೇಕು. ಬಂದವರು ಕೆಲಸ ಗೊತ್ತಿಲ್ಲದವರಲ್ಲ. ಬೋಟಿನಲ್ಲೂ ಅದೇ 12 ವೋಲ್ಟ್, ಅದೇ ಫ್ಯೂಸು, ಅದೇ ಸೆಲ್ಫ್ ಮೋಟರು. ಗಾಡಿಯಲ್ಲಿ ನೂರಕ್ಕೆ ನೂರು ನಿಜವಾದ ಒಂದೆರಡು ವಿಷಯ ಬೋಟಿನಲ್ಲಿ ತಲೆಕೆಳಗಾಗುತ್ತದೆ, ತೊಂದರೆ ಇರುವುದು ಅಲ್ಲಿ. ಅದನ್ನು ಹಿಡಿದುಕೊಂಡರೆ ಹಳೇ ಬೋಟಿನ ಮುಕ್ಕಾಲು ಪಾಲು ಫಾಲ್ಟನ್ನು ಯಾರು ಬೇಕಾದರೂ ಹುಡುಕಬಹುದು. ಬೇಕಾಗಿರುವುದು ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಮತ್ತೆ ಸಾಮಾನು ಬದಲಾಯಿಸುವ ಆತುರ ತಡೆದುಕೊಳ್ಳುವ ತಾಳ್ಮೆ.

ಬಾಡಿ ಅರ್ಥ್ ಇಲ್ಲದ ಗಾಡಿ

ಲಾರಿಯಲ್ಲಿ ಬ್ಯಾಟರಿಯ ಮೈನಸ್ ನೇರ ಚಾಸಿಗೆ ಹೋಗುತ್ತದೆ. ಅಲ್ಲಿಂದ ಇಡೀ ಗಾಡಿಯ ಕಬ್ಬಿಣವೇ ಮೈನಸ್. ಹಿಂದಿನ ಲೈಟಿಗೆ ಒಂದೇ ವೈರ್ ಎಳೆದರೆ ಸಾಕು, ಕರೆಂಟ್ ವಾಪಸ್ ಬರುವ ದಾರಿಯನ್ನು ಬಾಡಿ ನೋಡಿಕೊಳ್ಳುತ್ತದೆ. ಹಾಗಾಗಿ ಆಟೋ ಎಲೆಕ್ಟ್ರಿಷಿಯನ್ ಕಣ್ಣು ಯಾವಾಗಲೂ ಪ್ಲಸ್ ಕಡೆಗೇ ಓಡುತ್ತದೆ. ಕರೆಂಟ್ ಬರ್ತಾ ಇದೆಯಾ ಅಂತ ನೋಡುತ್ತಾರೆ. ವಾಪಸ್ ಹೋಗ್ತಾ ಇದೆಯಾ ಅಂತ ಕೇಳುವುದು ಕಡಿಮೆ.

ಫೈಬರ್ ಬೋಟಿನ ಬಾಡಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಪ್ರತಿ ಲೈಟಿಗೆ, ಪಂಪಿಗೆ, ಹಾರನ್ನಿಗೆ ಎರಡೆರಡು ವೈರ್ ಬೇಕು. ಹೋಗುವುದೊಂದು, ಬರುವುದೊಂದು. ಬರುವ ಕಪ್ಪು ವೈರುಗಳೆಲ್ಲ ಪ್ಯಾನೆಲ್ ಹಿಂದೆ ಒಂದು ಹಿತ್ತಾಳೆ ಅಥವಾ ತಾಮ್ರದ ಪಟ್ಟಿಗೆ ಸೇರುತ್ತವೆ. ಆ ಪಟ್ಟಿಯಿಂದ ಒಂದು ದಪ್ಪ ಕೇಬಲ್ ಬ್ಯಾಟರಿಗೆ ಹೋಗುತ್ತದೆ. ಈ ಪಟ್ಟಿಯ ನಟ್ಟು ಸಡಿಲವಾದರೆ ಅಥವಾ ಕಿಲುಬು ಹಿಡಿದರೆ ಬೋಟಿಗೆ ದೆವ್ವ ಹಿಡಿದ ಹಾಗೆ ಕಾಣುತ್ತದೆ. ಹಾರನ್ ಒತ್ತಿದರೆ ಲೈಟ್ ಮಂಕಾಗುತ್ತದೆ. ಪಂಪ್ ಆನ್ ಮಾಡಿದರೆ ಪೆಟ್ರೋಲ್ ಗೇಜಿನ ಮುಳ್ಳು ಕುಣಿಯುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂರು ಸಾಮಾನು ಒಟ್ಟಿಗೆ ಹುಚ್ಚಾಟ ಶುರು ಮಾಡಿದರೆ ಅವುಗಳನ್ನು ಬಿಚ್ಚಬೇಡಿ. ಅವೆಲ್ಲ ಕೂಡುವ ಮೈನಸ್ ಜಾಗಕ್ಕೆ ಮೊದಲು ಹೋಗಿ.

ಅಲ್ಯೂಮಿನಿಯಂ ಬೋಟಾದರೆ ಬಾಡಿಯಲ್ಲಿ ಕರೆಂಟ್ ಹರಿಯುತ್ತದಲ್ಲ, ಅದನ್ನೇ ಮೈನಸ್ ಮಾಡಿಕೊಂಡರೆ ಆಗಲ್ವಾ? ಆಗುತ್ತದೆ, ಆದರೆ ಮಾಡಬಾರದು. ನೀರಲ್ಲಿ ಕೂತ ಲೋಹದ ಮೂಲಕ ಕರೆಂಟ್ ಹರಿಸಿದರೆ ಆ ಲೋಹ ಕರಗಲು ಶುರುವಾಗುತ್ತದೆ. ಬೋಟಿನ ತಳವೇ ತೂತಾದ ಮೇಲೆ ಲೈಟ್ ಉರಿದರೆ ಏನು ಬಂತು.

12 ವೋಲ್ಟ್ ಯಾಕೆ ಇಷ್ಟು ನಾಜೂಕು

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್ ಗಣಿಗಳಿಗೆ ತಂದರು. ಅಷ್ಟು ದೂರ ತರಬೇಕು ಅಂದರೆ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಲೇಬೇಕಿತ್ತು. ಅಷ್ಟೇ ಪವರನ್ನು ಕಡಿಮೆ ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಜಾಸ್ತಿ ಹರಿಯಬೇಕು. ಕರೆಂಟ್ ಜಾಸ್ತಿಯಾದಷ್ಟೂ ದಾರಿಯಲ್ಲೇ ಶಾಖವಾಗಿ ಹೋಗುವುದು ಜಾಸ್ತಿ. ಅದೂ ವರ್ಗದ ಲೆಕ್ಕದಲ್ಲಿ: ಕರೆಂಟ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು.

ಬೋಟಿನಲ್ಲಿ ಇದೇ ಕಥೆ ಉಲ್ಟಾ. ಮನೆಯ 230 ವೋಲ್ಟಿನಲ್ಲಿ 60 ವಾಟ್ ಬಲ್ಬು ಎಳೆಯುವುದು ಸುಮಾರು ಕಾಲು ಆಂಪ್. ಅದೇ 60 ವಾಟಿನ ಪಂಪು 12 ವೋಲ್ಟಿನಲ್ಲಿ 5 ಆಂಪ್ ಎಳೆಯುತ್ತದೆ. ಕರೆಂಟ್ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು, ಹಾಗಾಗಿ ಅದೇ ವೈರಿನಲ್ಲಿ ನಷ್ಟ ಸುಮಾರು 370 ಪಟ್ಟು. ಮನೆಯಲ್ಲಿ ಒಂದು ಜಾಯಿಂಟ್ ಸ್ವಲ್ಪ ಸಡಿಲವಾಗಿದ್ದರೆ ಬಲ್ಬಿಗೆ ಗೊತ್ತೂ ಆಗುವುದಿಲ್ಲ. ಬೋಟಿನಲ್ಲಿ ಅಷ್ಟೇ ಸಡಿಲ ಇದ್ದರೆ ಪಂಪ್ ನಿಂತೇ ಹೋಗುತ್ತದೆ.

ಜಾಯಿಂಟ್ ಬಿಡಿ, ಬರೀ ವೈರಿನ ದಪ್ಪವೇ ಲೆಕ್ಕಕ್ಕೆ ಬರುತ್ತದೆ. ಮುಂದಿನ ಪ್ಯಾನೆಲಿನಿಂದ ಹಿಂದಿನ ಪಂಪಿಗೆ 5 ಮೀಟರ್ ಅಂದುಕೊಳ್ಳಿ. ಹೋಗಿ ಬರುವುದು ಸೇರಿ 10 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.012 ಓಮ್, ಒಟ್ಟು 0.12 ಓಮ್. 5 ಆಂಪ್ ಹರಿದರೆ 0.6 ವೋಲ್ಟ್ ದಾರಿಯಲ್ಲೇ ಹೋಯಿತು, ಅಂದರೆ ನೂರಕ್ಕೆ 5. ಅದೇ 2.5 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ ನೂರಕ್ಕೆ 3ರ ಹತ್ತಿರ ಬರುತ್ತದೆ. ಅಮೆರಿಕದಲ್ಲಿ ಬೋಟುಗಳಿಗೆ ಮಾನದಂಡ ಬರೆಯುವ ಎಬಿವೈಸಿ ಸಂಸ್ಥೆ ದಾರಿದೀಪದಂಥ (ಬೋಟಿನ ನ್ಯಾವಿಗೇಷನ್ ಲೈಟ್) ಮುಖ್ಯ ಸಾಮಾನುಗಳಿಗೆ ನೂರಕ್ಕೆ 3, ಉಳಿದದ್ದಕ್ಕೆ ನೂರಕ್ಕೆ 10 ಅಂತ ಮಿತಿ ಇಟ್ಟಿದೆ. ತಳದ ನೀರು ಎತ್ತುವ ಬಿಲ್ಜ್ ಪಂಪನ್ನೂ ನಾನಂತೂ ಮೊದಲನೇ ಸಾಲಿನಲ್ಲೇ ಇಡುತ್ತೇನೆ.

ಮೀಟರ್ 12 ತೋರಿಸಿದರೂ ಪಂಪ್ ಓಡಲ್ಲ

ಎಪಿಎಂಸಿ ಹತ್ತಿರ ಅಂಗಡಿ ಇಟ್ಟಿರುವ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಇಂಥದ್ದೇ ಒಂದು ಬೋಟಿನ ಹತ್ತಿರ ನನ್ನನ್ನು ಕರೆದರು. "ನೋಡಿ ಸಾರ್, ಪಂಪಿನ ಬಾಯಿಗೆ 12.4 ಬರ್ತಾ ಇದೆ. ಪಂಪ್ ಹೋಗಿದೆ ಅಷ್ಟೇ. ಹೊಸದು ತರಿಸಿ ಅಂತ ಇವರಿಗೆ ಹೇಳ್ತಾ ಇದ್ದೀನಿ." ಅವರು ಪಂಪಿನ ಸಾಕೆಟ್ ಬಿಚ್ಚಿ, ಎರಡು ತುದಿಗೆ ಮೀಟರ್ ಇಟ್ಟು ನೋಡಿದ್ದರು. "ಅಣ್ಣ, ಸಾಕೆಟ್ ಹಾಕಿ, ಪಂಪ್ ಆನ್ ಮಾಡಿ, ಆಮೇಲೆ ಅಲ್ಲೇ ಅಳೆಯಿರಿ" ಅಂದೆ. ಹಾಕಿದರು. ಪಂಪ್ ಒಳಗೆ ಏನೋ ಮುಲುಕಿದ ಸದ್ದು. ಮೀಟರ್ 9.1ಕ್ಕೆ ಇಳಿಯಿತು.

ಇಲ್ಲಿರುವುದೇ ಇಡೀ ವಿಷಯದ ತಿರುಳು. ಡ್ರಿಪ್ ಹಾಕಿದ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಫಿಲ್ಟರ್ ಅರ್ಧ ಕಟ್ಟಿದ್ದರೂ, ಕೊನೆಯ ವಾಲ್ವ್ ಮುಚ್ಚಿಟ್ಟು ಗೇಜ್ ನೋಡಿದರೆ ಪ್ರೆಶರ್ ಪೂರ್ತಿ ತೋರಿಸುತ್ತದೆ. ನೀರು ಹರಿಯುತ್ತಿಲ್ಲವಲ್ಲ, ನಷ್ಟ ಎಲ್ಲಿಂದ ಬರಬೇಕು? ವಾಲ್ವ್ ತೆಗೆದ ತಕ್ಷಣ ಗೇಜ್ ಬೀಳುತ್ತದೆ. ಡಿಜಿಟಲ್ ಮಲ್ಟಿಮೀಟರ್ ವೋಲ್ಟೇಜ್ ಅಳೆಯುವಾಗ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ಒಂದು ಎಳೆ ಅಂಟಿಕೊಂಡಿರುವ ವೈರಿನ ಮೂಲಕವೂ ಅದು ನಿಮಗೆ 12 ತೋರಿಸಿಬಿಡುತ್ತದೆ. ಲೋಡ್ ಕೊಡದೆ, ಅಂದರೆ ಸಾಮಾನು ಆನ್ ಮಾಡದೆ, ಅಳೆದ ವೋಲ್ಟೇಜನ್ನು ನಂಬಬಾರದು.

ಆಮೇಲೆ ಮಾಡಿದ್ದು ಇಷ್ಟು. ಪಂಪ್ ಆನ್ ಇಟ್ಟುಕೊಂಡೇ ಬ್ಯಾಟರಿಯ ಎರಡು ಕಂಬದ (ಟರ್ಮಿನಲ್) ಮಧ್ಯೆ ಅಳೆದೆವು: 12.4. ಪಂಪಿಗೆ ತಲುಪಿದ್ದು 9.1. ಹಾಗಾದರೆ 3.3 ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದಿದೆ. ಪ್ಲಸ್ ದಾರಿಯಲ್ಲೋ ಮೈನಸ್ ದಾರಿಯಲ್ಲೋ? ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಪಂಪಿನ ಪ್ಲಸ್ ವೈರಿಗೆ. ಎರಡೂ ಪ್ಲಸ್ಸೇ, ಇದೇನು ಅಳತೆ ಅಂತ ಮೊದಲು ವಿಚಿತ್ರ ಅನ್ನಿಸುತ್ತದೆ. ಆ ಎರಡು ಜಾಗದ ಮಧ್ಯೆ ಏನು ಕಳೆದಿದೆಯೋ ಮೀಟರ್ ಅಷ್ಟನ್ನೇ ನೇರವಾಗಿ ತೋರಿಸುತ್ತದೆ. 0.3 ಬಂತು. ಪರವಾಗಿಲ್ಲ. ಈಗ ಪಂಪಿನ ಕಪ್ಪು ವೈರಿನಿಂದ ಬ್ಯಾಟರಿ ಮೈನಸ್ಸಿಗೆ ಇಟ್ಟರೆ 3.0. ಕಳ್ಳ ಮೈನಸ್ ಕಡೆ ಇದ್ದಾನೆ.

ಇನ್ನು ದಾರಿಯನ್ನು ಅರ್ಧ ಅರ್ಧ ಮಾಡುತ್ತಾ ಹೋಗುವುದು. ಪಂಪಿನಿಂದ ಪ್ಯಾನೆಲ್ ಹಿಂದಿನ ಪಟ್ಟಿಯವರೆಗೆ 2.9, ಪಟ್ಟಿಯಿಂದ ಬ್ಯಾಟರಿಗೆ ಬರೀ 0.1. ಪಟ್ಟಿ ಪಾಸು. ಪಂಪಿಗೂ ಪಟ್ಟಿಗೂ ಮಧ್ಯೆ ವೈರನ್ನು ಕೈಯಲ್ಲಿ ಸವರುತ್ತಾ ಹೋದರು ಅವರು. ಸೀಟಿನ ಕೆಳಗೆ ಒಂದು ಕಡೆ ಕೈ ತಟ್ಟನೆ ಹಿಂದಕ್ಕೆ ಬಂತು. "ಬಿಸಿ ಇದೆ ಸಾರ್ ಇಲ್ಲಿ!" ಬಿಸಿ ಇರಲೇಬೇಕು. 3 ವೋಲ್ಟ್ ಹತ್ತಿರ ಕಳೆಯುತ್ತಾ 4 ಆಂಪ್ ಹರಿದರೆ ಹೆಚ್ಚುಕಡಿಮೆ 12 ವಾಟ್ ಶಾಖ. ಹೆಬ್ಬೆರಳಿನಷ್ಟು ಜಾಗದಲ್ಲಿ ಒಂದು ಸಣ್ಣ ಬಲ್ಬ್ ಉರಿಸಿದಂತೆ.

ಟೇಪ್ ಬಿಚ್ಚಿದರೆ ಅಂಟು ಕರಗಿ ಬೆರಳಿಗೆ ಮೆತ್ತಿಕೊಂಡಿತು. ಒಳಗೆ ಯಾರೋ ಹಿಂದಿನವರು ಬೋಟಿನ ವೈರಿಗೆ ಮನೆಯ ವೈರಿಂಗಿನ ಒಂದೆಳೆ ಗಟ್ಟಿ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ತಾಮ್ರ ಅನ್ನುವ ಬಣ್ಣವೇ ಇಲ್ಲ. ಮೇಲೆ ಹಸಿರು, ಕೆರೆದರೆ ಕಪ್ಪು. ಉಗುರಿನಲ್ಲಿ ಒತ್ತಿದಾಗ ಎಳೆಗಳು ಪುಡಿಪುಡಿ ಉದುರಿದವು. ಪಂಪಿಗೆ ಏನೂ ಆಗಿರಲಿಲ್ಲ.

ಒಂದು ಮಾತು: ಅಂಗಡಿಯಲ್ಲಿ ಸಿಗುವ ಟೆಸ್ಟ್ ಲ್ಯಾಂಪಿಗೆ ಪುಟ್ಟ ಬಲ್ಬ್ ಅಥವಾ ಎಲ್‌ಇಡಿ ಇರುತ್ತದೆ. ಅದೂ ಮೀಟರಿನಂತೆಯೇ ಮೋಸ ಮಾಡುತ್ತದೆ. ಗಾಡಿಯ ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ನೀವೇ ಒಂದು ಮಾಡಿಕೊಳ್ಳಿ. ಅದು ಸುಮಾರು 1.75 ಆಂಪ್ ಎಳೆಯುವುದರಿಂದ ಕೆಟ್ಟ ಜಾಯಿಂಟಿನಲ್ಲಿ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. ಇದೇ ಕಾರಣಕ್ಕೆ, ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿದಾಗ ಲೈಟ್ ಚೆನ್ನಾಗಿ ಬಂದರೆ ವೈರಿಂಗ್ ಸರಿಹೋಯಿತು ಅಂದುಕೊಳ್ಳಬೇಡಿ. ರೋಗ ಅಲ್ಲೇ ಇದೆ, ಎಲ್‌ಇಡಿಗೆ ಹಸಿವು ಕಡಿಮೆ ಅಷ್ಟೇ.

ತಾಮ್ರ ಕಪ್ಪಾದ ಮೇಲೆ

ಸಮುದ್ರದ ಕಡೆಯಿಂದ ಬಂದ ಬೋಟು ಇಲ್ಲಿ ಸಿಹಿನೀರಿನಲ್ಲಿ ಓಡಿದರೂ ಹಳೇ ಉಪ್ಪು ವೈರಿನೊಳಗೆ ಉಳಿದಿರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಪ್ಲಾಸ್ಟಿಕ್ಕಿನ ಒಳಗೇ ದೂರ ಹೋಗುತ್ತದೆ. ಹೊರಗೆ ಕೆಂಪಗೆ ಹೊಸದರಂತೆ ಕಾಣುವ ವೈರ್ ಒಳಗೆ ಒಂದಡಿ ಕಪ್ಪಾಗಿರಬಹುದು. ತುದಿ ಕತ್ತರಿಸಿ ಸಿಪ್ಪೆ ತೆಗೆಯಿರಿ. ಹೊಳೆಯುವ ತಾಮ್ರ ಸಿಗುವ ತನಕ ಹಿಂದೆ ಹಿಂದೆ ಕತ್ತರಿಸುತ್ತಾ ಹೋಗಿ. ಒಂದೆರಡು ಅಡಿ ಹೋದರೂ ಕಪ್ಪೇ ಇದ್ದರೆ ಆ ವೈರನ್ನು ಪೂರ್ತಿ ಬದಲಾಯಿಸಿ. ಕಪ್ಪು ತಾಮ್ರದ ಮೇಲೆ ವೈರಿನ ತುದಿಗೆ ಹಾಕುವ ಲೋಹದ ಲಗ್ಗನ್ನು ಎಷ್ಟು ಗಟ್ಟಿಯಾಗಿ ಪಂಚ್ ಮಾಡಿದರೂ ಒಂದು ವರ್ಷಕ್ಕೆ ಮತ್ತೆ ಅದೇ ಪಾಡು.

ಬೋಟಿಗೆಂದೇ ಮಾಡಿದ ವೈರಿನಲ್ಲಿ ಪ್ರತಿ ಎಳೆಗೂ ತವರದ ಲೇಪ ಇರುತ್ತದೆ, ಕತ್ತರಿಸಿದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಿಕೊಳ್ಳಬೇಕು. ಸಿಹಿನೀರಿನ ಬೋಟಿಗೆ ಒಳ್ಳೆಯ ಬಹುಎಳೆಯ ಆಟೋ ವೈರ್ ಹಾಕಿ ತುದಿಗಳನ್ನು ಸರಿಯಾಗಿ ಮುಚ್ಚಿದರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಡೆಯದೇ ಇರುವುದು ಮನೆಯ ಒಂದೆಳೆ ವೈರ್. ಎಂಜಿನ್ ಅದುರಾಟಕ್ಕೆ ಅದು ಬಾಗಿ ಬಾಗಿ ಮುರಿಯುತ್ತದೆ.

ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸೀಸದ ಬೆಸುಗೆ ಎಳೆಗಳೊಳಗೆ ಹರಿದು ಆ ಭಾಗವನ್ನು ಕಡ್ಡಿಯಂತೆ ಸೆಟೆಸುತ್ತದೆ. ಬೆಸುಗೆ ಮುಗಿದು ಮೆತ್ತಗಿನ ವೈರ್ ಶುರುವಾಗುವ ಗೆರೆಯಲ್ಲಿ ಅದುರಾಟಕ್ಕೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹಾಗಾಗಿ ಬರೀ ಬೆಸುಗೆಯನ್ನು ನಂಬಿ ಜಾಯಿಂಟ್ ಮಾಡಬಾರದು. ವೈರಿನ ಅಳತೆಗೆ ಸರಿಯಾದ ಲಗ್ ತಗೊಂಡು, ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಕೈಯಲ್ಲಿ ಜೋರಾಗಿ ಎಳೆದು ನೋಡಿ. ಆಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ. ಕಪ್ಪು ಟೇಪ್ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ, ಮಳೆಗಾಲದಲ್ಲಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಫ್ಯೂಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ಯೂಸ್ ಇರುವುದು ಪಂಪನ್ನು ಕಾಪಾಡಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಕಾಪಾಡುವುದು ವೈರನ್ನು. ಪದೇ ಪದೇ ಹೋಗುತ್ತದೆ ಅಂತ 10 ಆಂಪ್ ತೆಗೆದು 30 ಹಾಕಿದರೆ, ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಸುತ್ತಿದರೆ, ಮುಂದಿನ ಸಲ ಫ್ಯೂಸ್ ಬದಲು ವೈರ್ ಕರಗುತ್ತದೆ. ಶಾರ್ಟ್ ಆದಾಗ 12 ವೋಲ್ಟ್ ಬ್ಯಾಟರಿ ನೂರಾರು ಆಂಪ್ ಕೊಡಬಲ್ಲದು. ಬೋಟು ಕೆರೆಯ ಮಧ್ಯೆ ಇದ್ದಾಗ ಇಳಿದು ಓಡುವುದಕ್ಕೆ ರಸ್ತೆ ಇರುವುದಿಲ್ಲ. ಫ್ಯೂಸನ್ನು ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಇಡಿ. ಬ್ಯಾಟರಿಗೂ ಫ್ಯೂಸಿಗೂ ಮಧ್ಯೆ ಇರುವ ವೈರಿಗೆ ಯಾವ ರಕ್ಷಣೆಯೂ ಇಲ್ಲ, ಅದು ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

ಟಕ್ ಟಕ್ ಸದ್ದು

ಸೆಲ್ಫ್ ಹೊಡೆದಾಗ ಟಕ್ ಟಕ್ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ, ಅದು ಸರಿಯೇ. ರಾತ್ರಿಯಿಡೀ ಸುಮ್ಮನೆ ಬಿಟ್ಟ ಬ್ಯಾಟರಿ 12.6 ಅಥವಾ ಅದಕ್ಕಿಂತ ತುಸು ಮೇಲೆ ತೋರಿಸಿದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. 11.8ರ ಆಸುಪಾಸು ಅಂದರೆ ಖಾಲಿ. ಈಗಷ್ಟೇ ಚಾರ್ಜರ್ ತೆಗೆದ ಬ್ಯಾಟರಿ 13ರ ಮೇಲೆ ತೋರಿಸುವುದು ಬರೀ ಮೇಲ್ಮೈಯ ಚಾರ್ಜು, ಅದನ್ನು ನೋಡಿ ಖುಷಿಪಡಬೇಡಿ.

ಸೆಲ್ಫ್ ಒತ್ತಿ ಹಿಡಿದಾಗ ಬ್ಯಾಟರಿ ಕಂಬದಲ್ಲಿ ವೋಲ್ಟೇಜ್ ಎಷ್ಟಕ್ಕೆ ಬೀಳುತ್ತದೆ ನೋಡಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದಣಿದಿದೆ, ಇಲ್ಲವೇ ಮೋಟರ್ ಜಾಮ್ ಆಗಿದೆ. 12ರಲ್ಲೇ ನಿಂತು ಬರೀ ಟಕ್ ಅಂದರೆ ಬ್ಯಾಟರಿಯ ತಪ್ಪಿಲ್ಲ, ಕರೆಂಟ್ ಮುಂದಕ್ಕೆ ಹೋಗುತ್ತಿಲ್ಲ. ಮತ್ತೆ ಅದೇ ಹುಡುಕಾಟ: ಬ್ಯಾಟರಿ ಕಂಬಕ್ಕೂ ಅದರ ಮೇಲಿನ ಕ್ಲ್ಯಾಂಪಿಗೂ ಮಧ್ಯೆ ಕಡ್ಡಿ ಇಟ್ಟು ಸೆಲ್ಫ್ ಹೊಡೆಯಿರಿ. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಲೋಹದ ಮಧ್ಯೆ ಒಂದು ವೋಲ್ಟ್ ಬಂದರೂ ಸಿಕ್ಕಿಬಿತ್ತು. ಕಂಬದ ಮೇಲಿನ ಬಿಳಿ ಹಸಿರು ಪುಡಿಗೆ ಅಡುಗೆ ಸೋಡ ಕಲಸಿದ ಬಿಸಿನೀರು ಹಾಕಿ ತೊಳೆಯಿರಿ. ಸೋಡ ನೀರು ಬ್ಯಾಟರಿ ಒಳಗೆ ಮಾತ್ರ ಹೋಗಬಾರದು. ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲಿನ್ ಸವರಿ.

ಏನೂ ಸದ್ದೇ ಇಲ್ಲದಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ನೋಡಿ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ಒಂದು ಸ್ವಿಚ್ ಇರುತ್ತದೆ. ಅದು ಅರ್ಧ ಮಿಲಿಮೀಟರ್ ಜರುಗಿದ್ದರೂ ಎಂಜಿನ್ ಮಿಸುಕುವುದಿಲ್ಲ.

ಎಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟಾಗ, ಬ್ಯಾಟರಿಯಲ್ಲಿ 13.8ರಿಂದ 14.4 ಬಂದರೆ ಚಾರ್ಜಿಂಗ್ ಸರಿ ಇದೆ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಇದನ್ನು ದಡದಲ್ಲಿ ನೋಡುವಾಗ ಎಂಜಿನ್ನಿನ ಕೆಳಭಾಗವನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಓಡಿಸಬೇಕು. ಒಣದಾಗಿ ಓಡಿಸಿದರೆ ತಂಪು ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಕ್ಷಣದಲ್ಲಿ ಹಾಳು. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡುವ ಹಳೇ ಗ್ಯಾರೇಜ್ ಅಭ್ಯಾಸವನ್ನೂ ಬಿಡಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಸುಟ್ಟುಹೋಗಬಹುದು.

ಕೆಂಪು ದಾರದ ಉಲ್ಟಾ ಲೆಕ್ಕ

ಓಡಿಸುವವರ ಕೈಗೆ ಕಟ್ಟುವ ಸುರುಳಿ ದಾರ ನೋಡಿರುತ್ತೀರಿ. ಅವರು ನೀರಿಗೆ ಬಿದ್ದರೆ ಕ್ಲಿಪ್ ಕಳಚಿ ಎಂಜಿನ್ ನಿಲ್ಲಬೇಕು, ಅದಕ್ಕೆ ಅದು. ಹಳೇ ಔಟ್‌ಬೋರ್ಡುಗಳಲ್ಲಿ ಈ ಕಿಲ್ ಸ್ವಿಚ್ ಕಾರಿನ ಕೀ ಥರ ಕೆಲಸ ಮಾಡುವುದಿಲ್ಲ. ಕಾರಿನಲ್ಲಿ ಕೀ ತೆಗೆದರೆ ಕರೆಂಟ್ ಕಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಇಲ್ಲಿ ಎಂಜಿನ್ ಸ್ಪಾರ್ಕಿಗೆ ಬೇಕಾದ ಕರೆಂಟನ್ನು ಫ್ಲೈವೀಲ್ ಕೆಳಗಿನ ಕಾಯಿಲಿನಲ್ಲಿ ತಾನೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿ ಕಿತ್ತಿಟ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತದೆ. ಅದನ್ನು ನಿಲ್ಲಿಸುವುದು ಆ ಕರೆಂಟನ್ನು ಎಂಜಿನ್ ಬಾಡಿಗೆ ಅರ್ಥ್ ಮಾಡಿ. ಹಳೇ ಲೂನಾ, ಹಳೇ ಸ್ಕೂಟರ್ ಬಿಚ್ಚಿದವರಿಗೆ ಇದು ಹೊಸದಲ್ಲ.

ಇದರಿಂದ ಫಾಲ್ಟೂ ಉಲ್ಟಾ ಆಗುತ್ತದೆ. ಕಿಲ್ ಸ್ವಿಚ್ಚಿನ ವೈರ್ ಕಡಿದುಹೋದರೆ ಎಂಜಿನ್ ಓಡುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಚೋಕ್ ಎಳೆದು ನಿಲ್ಲಿಸಬೇಕು. ಅದೇ ವೈರಿನ ಪ್ಲಾಸ್ಟಿಕ್ ಸವೆದು ಎಲ್ಲೋ ಲೋಹಕ್ಕೆ ತಾಗಿದರೆ, ಅಥವಾ ಸ್ವಿಚ್ಚಿನೊಳಗೆ ನೀರು ಸೇರಿದರೆ, ಸೆಲ್ಫ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಬರುತ್ತದೆ, ಸ್ಪಾರ್ಕ್ ಮಾತ್ರ ಇಲ್ಲ. ಜನ ಪ್ಲಗ್ ಬದಲಾಯಿಸುತ್ತಾರೆ, ಕಾಯಿಲ್ ಬದಲಾಯಿಸುತ್ತಾರೆ, ಕೊನೆಗೆ ಸ್ಪಾರ್ಕ್ ಕೊಡಿಸುವ ದುಬಾರಿ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸಿಡಿಐ ಬಾಕ್ಸನ್ನೂ ತರಿಸುತ್ತಾರೆ. ಮೊದಲು ಮಾಡಬೇಕಾದ್ದು ಎಂಜಿನ್ ಕವರ್ ತೆಗೆದು, ಕಿಲ್ ಸ್ವಿಚ್ಚಿಗೆ ಹೋಗುವ ಆ ಒಂದು ವೈರನ್ನು ಎಂಜಿನ್ ಹತ್ತಿರವೇ ಕಳಚುವುದು. ಸ್ಪಾರ್ಕ್ ಬಂತಾ? ಹಾಗಾದರೆ ಎಂಜಿನ್ನಿಗೆ ಏನೂ ಆಗಿಲ್ಲ, ತಪ್ಪು ಸ್ವಿಚ್ಚಿನಲ್ಲೋ ದಾರಿಯ ವೈರಿನಲ್ಲೋ ಇದೆ. ಪರೀಕ್ಷೆ ಮುಗಿದ ಮೇಲೆ ಹಾಗೇ ಬಿಟ್ಟು ಜನರನ್ನು ಹತ್ತಿಸಬೇಡಿ. ಓಡಿಸುವವನು ನೀರಿಗೆ ಬಿದ್ದರೆ ತಿರುಗುವ ಪ್ರೊಪೆಲ್ಲರ್ ಜೊತೆ ಬೋಟು ಸುತ್ತು ಹೊಡೆಯುತ್ತದೆ.

ಈ ವೈರಿಗೆ ಮಾತ್ರ ಬ್ಯಾಟರಿ ಪ್ಲಸ್ ತೋರಿಸಬೇಡಿ, ಟೆಸ್ಟ್ ಲ್ಯಾಂಪಿನ ಮೂಲಕವೂ ಬೇಡ. 12 ವೋಲ್ಟ್ ಒಳಗೆ ಹೋದರೆ ಸಿಡಿಐ ಬಾಕ್ಸ್ ಸುಡಬಹುದು.

ರಾತ್ರೋರಾತ್ರಿ ಖಾಲಿಯಾಗುವ ಬ್ಯಾಟರಿ

ಸಂಜೆ ಚೆನ್ನಾಗಿದ್ದ ಬ್ಯಾಟರಿ ಎರಡು ಮೂರು ದಿನಕ್ಕೆ ಸತ್ತರೆ ಎಲ್ಲೋ ಸೋರಿಕೆ ಇದೆ. ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ಕೇಬಲ್ ಕಳಚಿ, ಕಂಬಕ್ಕೂ ಕೇಬಲ್ಲಿಗೂ ಮಧ್ಯೆ ಮೀಟರನ್ನು 10 ಆಂಪ್ ಜಾಗದಲ್ಲಿ ಇಟ್ಟು ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಎಚ್ಚರ. ಕೆಲವು ಮಿಲಿಆಂಪ್ ಬಂದರೆ ಪರವಾಗಿಲ್ಲ. ಅರ್ಧ ಆಂಪ್ ಬಂದರೆ ದಿನಕ್ಕೆ 12 ಆಂಪ್‌ಅವರ್ ಹೋಯಿತು. 60 ಆಂಪ್‌ಅವರ್ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಆ ಲೈನಿನಲ್ಲಿ ಹುಡುಕಿ.

ಹಲವು ಸಲ ಅದು ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ ಆಗಿರುತ್ತದೆ. ತಳದಲ್ಲಿ ನೀರು ಏರಿದಾಗ ತಾನೇ ತೇಲಿ ಪಂಪ್ ಆನ್ ಮಾಡುವುದು ಅದರ ಕೆಲಸ. ಅದಕ್ಕೆ ಕರೆಂಟ್ ಮೇನ್ ಸ್ವಿಚ್ ಮೂಲಕ ಹೋಗದೆ ನೇರ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುತ್ತದೆ, ಬರಲೇಬೇಕು. ಕಡಲೆಕಾಯಿ ಸಿಪ್ಪೆ, ಚಿಪ್ಸ್ ಕವರ್ ಸಿಕ್ಕಿಕೊಂಡು ಅದು ಮೇಲೆಯೇ ನಿಂತರೆ ಪಂಪ್ ಒಣದಾಗಿ ಓಡಿ ಓಡಿ ಬ್ಯಾಟರಿ ಮುಗಿಸುತ್ತದೆ. ಬ್ಯಾಟರಿ ಖಾಲಿ ಆಗದಿರಲಿ ಅಂತ ಕೆಲವರು ಇದನ್ನೂ ಮೇನ್ ಸ್ವಿಚ್ಚಿಗೆ ಸೇರಿಸುತ್ತಾರೆ. ಆಮೇಲೆ ಯಾರೂ ಇಲ್ಲದ ರಾತ್ರಿ ಜೋರು ಮಳೆ ಬಂದರೆ ಬೆಳಿಗ್ಗೆ ಬೋಟು ನೀರಿನ ಕೆಳಗೆ.

ಗೇಜುಗಳ ಬಗ್ಗೆ ಚಿಕ್ಕದಾಗಿ. ಅಮೆರಿಕದ ಬೋಟುಗಳ ಪೆಟ್ರೋಲ್ ಟ್ಯಾಂಕಿನೊಳಗೆ ಮಟ್ಟ ಅಳೆದು ಗೇಜಿಗೆ ಹೇಳುವ ಸೆಂಡರ್, ಟ್ಯಾಂಕ್ ಖಾಲಿಯಾದಾಗ 240 ಓಮ್, ತುಂಬಿದಾಗ 33 ಓಮ್. ಯೂರೋಪಿನದು ಖಾಲಿಗೆ 10, ತುಂಬಿದ್ದಕ್ಕೆ 180. ಹಳೇ ಗೇಜ್ ಕೆಟ್ಟಿತು ಅಂತ ಸಿಕ್ಕಿದ್ದನ್ನು ಹಾಕಿದರೆ ಟ್ಯಾಂಕ್ ತುಂಬಿದಾಗ ಖಾಲಿ ತೋರಿಸುವುದು ಇದಕ್ಕೇ.

ಬಣ್ಣ, ಪೆಟ್ರೋಲ್, 230 ವೋಲ್ಟ್

ಅಮೆರಿಕದ ಪದ್ಧತಿಯಲ್ಲಿ ಕಟ್ಟಿದ ಬೋಟಿನ ಬ್ಯಾಟರಿ ವೈರಿಂಗಿನಲ್ಲಿ ಕೆಂಪು ಪ್ಲಸ್, ಕಪ್ಪು ಅಥವಾ ಹಳದಿ ಮೈನಸ್, ಕಂದು ಪಂಪಿಗೆ, ಗಾಢ ಬೂದು ದಾರಿದೀಪಕ್ಕೆ, ನೇರಳೆ ಇಗ್ನಿಷನ್ನಿಗೆ. ಅದೇ ಅಮೆರಿಕದ ಬೋಟಿನಲ್ಲಿ ದಡದಿಂದ ತರುವ ಎಸಿ ಕರೆಂಟಿನ ವೈರಿಂಗೂ ಇದ್ದರೆ ಅಲ್ಲಿ ಕಪ್ಪು ಅಂದರೆ ಫೇಸ್! ನಮ್ಮ ಮನೆಗಳಲ್ಲಿ ಕಪ್ಪು ನ್ಯೂಟ್ರಲ್. ಬಣ್ಣ ನೋಡಿ ಕೈ ಹಾಕಬೇಡಿ, ಅಳೆದು ಕೈ ಹಾಕಿ. ಹತ್ತಾರು ಕೈ ದಾಟಿ ಬಂದ ಬೋಟಿನಲ್ಲಿ ಬಣ್ಣಕ್ಕೆ ಅರ್ಥ ಉಳಿದಿರುವುದಿಲ್ಲ.

230 ವೋಲ್ಟಿನ ಚಾರ್ಜರನ್ನು ಉದ್ದದ ಎಕ್ಸ್‌ಟೆನ್ಷನ್ ಎಳೆದು ನೀರಲ್ಲಿರುವ ಬೋಟಿಗೆ ತರುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬ್ಯಾಟರಿ ಭಾರ ನಿಜ, ಆದರೂ ಬಿಚ್ಚಿ ದಡಕ್ಕೆ ತಂದು, ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಹಾಕಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯುತ್ತದೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ಕೆಳಗಿನ ರಸ್ತೆಗೆ ಹೋಗುತ್ತದೆ, ಬೋಟಿನಲ್ಲಿ ತಳದಲ್ಲೇ ಕೂತುಕೊಳ್ಳುತ್ತದೆ. ಸಣ್ಣ ಬೋಟುಗಳಲ್ಲಿ ಟ್ಯಾಂಕೂ ಬ್ಯಾಟರಿಯೂ ಒಂದೇ ಸೀಟಿನ ಕೆಳಗೆ ಇರುವುದು ಮಾಮೂಲು. ಯಾವ ಕೆಲಸಕ್ಕೂ ಮುಂಚೆ ಮುಚ್ಚಳಗಳನ್ನೆಲ್ಲ ತೆಗೆದು ಗಾಳಿಯಾಡಲು ಬಿಡಿ, ಮೂಸಿ ನೋಡಿ. ಅಳತೆ ಬಿಟ್ಟು ಬೇರೆ ಕೆಲಸ ಇದ್ದರೆ ಬ್ಯಾಟರಿ ಮೈನಸ್ ಮೊದಲು ಕಳಚಿ, ಕೊನೆಗೆ ಹಾಕಿ. ಎಂಜಿನ್ ಒಳಗೇ ಕೂರಿಸಿದ ಪೆಟ್ರೋಲ್ ಬೋಟಾದರೆ ಆವಿ ಹೊರಹಾಕುವ ಫ್ಯಾನು, ಬ್ಲೋವರ್, ಕನಿಷ್ಠ ನಾಲ್ಕು ನಿಮಿಷ ಓಡಿಸಿದ ಮೇಲೇ ಸ್ಟಾರ್ಟ್. ಅಂಥ ಬೋಟಿಗೆ ಲಾರಿಯ ಅಥವಾ ಜೀಪಿನ ಸೆಲ್ಫ್ ಮೋಟರ್ ಹೊಂದುತ್ತದೆ ಅಂತ ಹಾಕಬೇಡಿ. ನೋಡಲು ಎರಡೂ ಒಂದೇ, ಆದರೆ ಬೋಟಿನದ್ದನ್ನು ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮುಚ್ಚಿ ಮಾಡಿರುತ್ತಾರೆ.

ಬೇಸಿಗೆಯಲ್ಲಿ ದಡ ಸೇರಿದಾಗ

ನಮ್ಮ ಕೆರೆಗಳಲ್ಲಿ ಬೇಸಿಗೆಗೆ ನೀರು ತಳ ಕಂಡರೆ ಬೋಟು ತಿಂಗಳುಗಟ್ಟಲೆ ದಡದ ಶೆಡ್ಡಿನಲ್ಲಿ ಕೂರುತ್ತದೆ. ವೈರಿಂಗ್ ಹಾಳಾಗುವುದು ಓಡುವ ಕಾಲಕ್ಕಿಂತ ಈಗಲೇ ಜಾಸ್ತಿ. ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ, ಬಿಸಿಲು ಜಾಸ್ತಿಯಾದಷ್ಟೂ ಬೇಗ. ಖಾಲಿ ಬ್ಯಾಟರಿಯ ಪ್ಲೇಟುಗಳ ಮೇಲೆ ಗಟ್ಟಿ ಪದರ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬಿಚ್ಚಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬೋಟಿನ ಮೂಲೆಗಳಲ್ಲಿ ಇಲಿ ಸೇರಿಕೊಳ್ಳುತ್ತದೆ. ವೈರನ್ನು ಅದು ಪೂರ್ತಿ ಕಡಿದರೆ ನಮ್ಮ ಪುಣ್ಯ, ತಕ್ಷಣ ಗೊತ್ತಾಗುತ್ತದೆ. ಅರ್ಧ ಎಳೆ ಉಳಿಸಿ ಹೋದರೆ ಮೇಲೆ ಹೇಳಿದ ಅಳತೆಗಳನ್ನೆಲ್ಲ ಮತ್ತೆ ಮಾಡಬೇಕು.

ದಡದಲ್ಲಿ ಇರುವಾಗಲೇ ಇನ್ನೊಂದು ಕೆಲಸ ಮುಗಿಸಿ. ಎಂಜಿನ್ ಕೆಳಗೆ ಬೋಲ್ಟ್ ಹಾಕಿ ಕೂರಿಸಿರುವ ಬೂದು ಲೋಹದ ತುಂಡು ಆನೋಡ್. ಎಂಜಿನ್ನಿನ ಬದಲು ತಾನು ಸವೆಯುವುದು ಅದರ ಕೆಲಸ. ಸಮುದ್ರದ ಬೋಟಿನಲ್ಲಿ ಅದು ಸಾಮಾನ್ಯವಾಗಿ ಸತುವಿನದಾಗಿರುತ್ತದೆ, ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಆನೋಡ್ ತರಿಸಿ ಹಾಕಿ. ಪೇಂಟ್ ಮಾತ್ರ ಬಳಿಯಬೇಡಿ.

ಏನನ್ನೇ ಬಿಚ್ಚುವ ಮುಂಚೆ ಪ್ಯಾನೆಲ್ ಹಿಂದಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿಗೆ ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು, ಲ್ಯಾಮಿನೇಟ್ ಮಾಡಿಸಿ, ಪ್ಯಾನೆಲ್ ಬಾಗಿಲಿನ ಒಳಗೇ ಅಂಟಿಸಿ. ಮತ್ತೆ ನೀರಿಗೆ ಇಳಿಸುವ ದಿನ ಜನ ಹತ್ತುವ ಮುಂಚೆ ಫ್ಲೋಟ್ ಸ್ವಿಚ್ಚನ್ನು ಕೈಯಲ್ಲಿ ಎತ್ತಿ ಪಂಪ್ ಓಡುತ್ತದಾ ನೋಡಿ, ಕಿಲ್ ಸ್ವಿಚ್ಚಿನ ದಾರ ಎಳೆದು ಎಂಜಿನ್ ನಿಲ್ಲುತ್ತದಾ ನೋಡಿ. ಇವೆರಡರಲ್ಲಿ ಒಂದು ತಪ್ಪಿದರೂ ಆವತ್ತು ಟಿಕೆಟ್ ಹರಿಯಬೇಡಿ.